5.0 ಲೀಟರ್ ವಿ8 ಸೂಪರ್‌ಕಾರ್ಸ್‌ನಿಂದ ನಿವೃತ್ತಿ: 30 ವರ್ಷ ಬಾಳಿದ್ದು ಹೇಗೆ, ಇಳಿಸಿದ್ದು ಯಾಕೆ?

ಪರ್ತ್_ಕನ್ನಡತಿ

ಆಸ್ಟ್ರೇಲಿಯಾದ ಟೂರಿಂಗ್ ಕಾರ್ ರೇಸ್ ಆದ ಸೂಪರ್‌ಕಾರ್ಸ್‌ನ ಮುಖ್ಯ ಸರಣಿಯಲ್ಲಿ 5.0 ಲೀಟರ್ ಪುಶ್‌ರಾಡ್ ವಿ8 (ಬ್ಲಾಕಿನಲ್ಲಿರುವ ಕ್ಯಾಮ್ ದಂಡ ಕಡ್ಡಿಗಳ ಮೂಲಕ ವಾಲ್ವ್ ತೆರೆಸುವ ಎಂಟು ಸಿಲಿಂಡರ್ ಎಂಜಿನ್) ಕೊನೆಯದಾಗಿ ಓಡಿದ್ದು 2022ರ ಡಿಸೆಂಬರ್ 4ರಂದು, ಅಡಿಲೇಡ್‌ನಲ್ಲಿ. ಗೆದ್ದವರು ಬ್ರಾಕ್ ಫೀನಿ. ಜನರಲ್ ಮೋಟಾರ್ಸ್‌ನ ಆಸ್ಟ್ರೇಲಿಯಾ ಕಾರು ಹೆಸರಾದ ಹೋಲ್ಡನ್‌ನ ಕಡೆಯ ರೇಸೂ ಅದೇ ಆಗಿದ್ದರಿಂದ ವಿದಾಯದ ಮಾತೆಲ್ಲ ಹೋಲ್ಡನ್‌ಗೇ ಮೀಸಲಾಯಿತು, ಎಂಜಿನ್ ಬಗ್ಗೆ ಬರೆದವರು ಕಡಿಮೆ. 2023ರ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್‌ನಲ್ಲಿ ಜೆನ್3 (ಮೂರನೇ ತಲೆಮಾರಿನ ನಿಯಮದ) ಕಾರುಗಳು ಇಳಿದಾಗ ಷೆವ್ರೊಲೆ ಕ್ಯಾಮರೊದಲ್ಲಿ 5.7 ಲೀಟರ್, ಫೋರ್ಡ್ ಮಸ್ಟಾಂಗ್‌ನಲ್ಲಿ 5.4 ಲೀಟರ್ ಎಂಜಿನ್ ಇತ್ತು. ಅಲ್ಲಿಗೆ 1993ರಿಂದ ನಡೆದುಬಂದ 5.0 ಲೀಟರ್ ನಿಯಮ ಮುಗಿಯಿತು.

ಟೂರಿಂಗ್ ಕಾರ್ ರೇಸಿಂಗ್‌ನಲ್ಲಿ ಒಂದೇ ಅಳತೆ, ಒಂದೇ ವಿನ್ಯಾಸ 30 ವರ್ಷ ಉಳಿಯುವುದು ಅಪರೂಪ. ನನ್ನ ಲೆಕ್ಕದಲ್ಲಿ ಅದನ್ನು ಉಳಿಸಿದ್ದು ಎರಡು ಕಟ್ಟುಪಾಡು: 7500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮಿತಿ ಮತ್ತು 10:1 ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿಯನ್ನು ಎಷ್ಟು ಪಾಲಿಗೆ ಅದುಮುತ್ತದೆ ಎಂಬ ಅನುಪಾತ). ಒಳಗಿನ ಸಂಗತಿ ಗೊತ್ತಿರುವವರು ಬರೆಯಿರಿ. ನೆನಪುಗಳಿಗಿಂತ ಬಿಡಿಭಾಗ, ಅಳತೆ, ಕೆಡುವ ಜಾಗ ಇವುಗಳ ಬಗ್ಗೆ ಮಾತಾಡೋಣ.

ಸಿಲಿಂಡರ್8

ಮೊದಲು ಒಂದು ಗೊಂದಲ ಬಿಡಿಸಬೇಕು. "ಹೋಲ್ಡನ್ ಎಂಜಿನ್ 30 ವರ್ಷ ಓಡಿತು" ಅಂತ ಎಲ್ಲ ಕಡೆ ಬರೀತಾರೆ, ಅದು ಸರಿಯಲ್ಲ. ಹೋಲ್ಡನ್‌ನ ಸ್ವಂತ ವಿ8 1969ರಲ್ಲಿ ಬಂತು. 308 ಕ್ಯೂಬಿಕ್ ಇಂಚು, ಅಂದರೆ 5044 ಸಿಸಿ. ಗ್ರೂಪ್ ಎ (1993ಕ್ಕೆ ಮುಂಚಿನ ರೇಸ್ ನಿಯಮ) ಕಾಲದಲ್ಲಿ 5000 ಸಿಸಿ ದಾಟಿದರೆ ಮೇಲಿನ ತೂಕದ ವರ್ಗಕ್ಕೆ ಹೋಗಬೇಕಿತ್ತು, ಅದಕ್ಕೆ ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) ಸ್ವಲ್ಪ ಮೊಟಕು ಮಾಡಿ 4987 ಸಿಸಿಗೆ ತಂದರು. 1993ರಲ್ಲಿ ಹೊಸ ನಿಯಮ ಬಂದಾಗ ಹೋಲ್ಡನ್‌ನ ಕಾಮೊಡೋರ್ ಕಾರು ಓಡಿಸುವ ತಂಡಗಳಿಗೆ ಎರಡು ದಾರಿ ಇತ್ತು: ಈ ಹೋಲ್ಡನ್ ವಿ8, ಇಲ್ಲವೇ ಷೆವ್ರೊಲೆ ಸ್ಮಾಲ್ ಬ್ಲಾಕ್ ಮೂಲದ 5.0. ಹೆಚ್ಚಿನವರು ಷೆವ್ರೊಲೆ ಹಿಡಿದರು. ಲ್ಯಾರಿ ಪರ್ಕಿನ್ಸ್ ಹೋಲ್ಡನ್ ಬ್ಲಾಕ್ ಬಿಡದೆ ಗ್ರೆಗ್ ಹ್ಯಾನ್ಸ್‌ಫರ್ಡ್ ಜೊತೆ ಆ ವರ್ಷದ ಬ್ಯಾಥರ್ಸ್ಟ್ 1000 ಕಿ.ಮೀ. ರೇಸ್ ಗೆದ್ದರು. ಆದರೂ ಕೊನೆಗೆ ಉಳಿದದ್ದು ಷೆವ್ರೊಲೆ ಮೂಲದ್ದೇ. 2022ರಲ್ಲಿ ಕಾಮೊಡೋರ್ ಬಾನೆಟ್ ಎತ್ತಿದರೆ ಸಿಗುತ್ತಿದ್ದದ್ದು ಅದು.

ಫೋರ್ಡ್ ಕಡೆ ವಿಂಡ್ಸರ್ 302 ವಂಶ. ಇಲ್ಲೊಂದು ಚಂದದ ಹೊಂದಾಣಿಕೆ ಇದೆ: ಫೋರ್ಡ್ 302 ಮತ್ತು 1967ರ ಷೆವ್ರೊಲೆ 302, ಎರಡರ ಮೂಲ ಅಳತೆಯೂ 4 ಇಂಚು ಬೋರ್ (ಸಿಲಿಂಡರಿನ ಅಗಲ), 3 ಇಂಚು ಸ್ಟ್ರೋಕ್. ಮಿಲಿಮೀಟರಿನಲ್ಲಿ 101.6 × 76.2, ಒಟ್ಟು 4942 ಸಿಸಿ. ಬೋರ್‌ಗಳ ನಡುವಿನ ಅಂತರ ಷೆವ್ರೊಲೆಯಲ್ಲಿ 4.400 ಇಂಚು, ವಿಂಡ್ಸರ್‌ನಲ್ಲಿ 4.380. ಎರಡರಲ್ಲೂ ಬ್ಲಾಕ್ ಮಧ್ಯದಲ್ಲಿ ಒಂದೇ ಕ್ಯಾಮ್, ಸಿಲಿಂಡರಿಗೆ ಎರಡೇ ವಾಲ್ವ್. ಹುಟ್ಟಿನಿಂದಲೇ ಇಷ್ಟು ಹತ್ತಿರ ಇದ್ದವನ್ನು ಸಮ ಮಾಡುವುದು ಕಷ್ಟವಾಗಲಿಲ್ಲ. ಜೆನ್3 ಎಂಜಿನ್‌ಗಳಿಗೆ ಈ ಹೋಲಿಕೆ ಇಲ್ಲ, ಆಮೇಲೆ ಎದ್ದ ಸಮಾನತೆಯ ಜಗಳಕ್ಕೆ ಬೇರು ಇಲ್ಲೇ ಇದೆ.

ಟಾರ್ಕ್‌ರೆಂಚ್

7500 ಮಿತಿ ಏನು ಮಾಡಿತು ಅಂತ ಲೆಕ್ಕ ಹಾಕಿ ನೋಡೋಣ.

7500 ಆರ್‌ಪಿಎಂ ಅಂದರೆ ಸೆಕೆಂಡಿಗೆ 125 ಸುತ್ತು. 76.2 ಮಿ.ಮೀ. ಸ್ಟ್ರೋಕ್‌ಗೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 19 ಮೀಟರ್. ಒಳ್ಳೆ ಫೋರ್ಜ್ಡ್ ಪಿಸ್ಟನ್, ಒಳ್ಳೆ ಕನೆಕ್ಟಿಂಗ್ ರಾಡ್ ಇದ್ದರೆ ಇದು ಆರಾಮದ ವೇಗ. ಕ್ಯಾಮ್ ಅರ್ಧ ವೇಗದಲ್ಲಿ ತಿರುಗುವುದರಿಂದ ಒಂದೊಂದು ವಾಲ್ವ್ ಸೆಕೆಂಡಿಗೆ 62.5 ಸಲ ತೆರೆದು ಮುಚ್ಚಬೇಕು. ಬ್ಯಾಥರ್ಸ್ಟ್ 161 ಲ್ಯಾಪ್, 1000 ಕಿ.ಮೀ., ಹತ್ತಿರ ಹತ್ತಿರ ಆರು ಗಂಟೆಯ ಓಟ. ಸರಾಸರಿ 6000 ಆರ್‌ಪಿಎಂ ಅಂತ ಹಿಡಿದರೂ ಒಂದು ವಾಲ್ವ್ ಸ್ಪ್ರಿಂಗ್ ಒಂದೇ ದಿನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಲ ಅದುಮಿಸಿಕೊಳ್ಳುತ್ತೆ. ಅಂಥ ಸ್ಪ್ರಿಂಗ್ 16 ಇವೆ.

ಮಿತಿ 8000 ಇಟ್ಟಿದ್ದರೆ? ಜಡತ್ವದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅಂದರೆ ಸುಮಾರು 14% ಜಾಸ್ತಿ. 9000ಕ್ಕೆ ಹೋದರೆ 44%. ಪುಶ್‌ರಾಡ್ ಎಂಜಿನ್‌ನಲ್ಲಿ ಮೊದಲು ಸೋಲುವುದು ಇಲ್ಲೇ. ಲಿಫ್ಟರ್, ಪುಶ್‌ರಾಡ್, ರಾಕರ್, ವಾಲ್ವ್ ಇವಿಷ್ಟೂ ಸಾಲಾಗಿ ಕ್ಯಾಮ್ ಹೇಳಿದಂತೆ ಕುಣಿಯಬೇಕು. ಪುಶ್‌ರಾಡ್ ಚೂರು ಬಾಗುತ್ತೆ, ರಾಕರ್ ಸ್ಟಡ್ ಚೂರು ಮಣಿಯುತ್ತೆ, ಸ್ಪ್ರಿಂಗ್ ತನ್ನದೇ ಲಯಕ್ಕೆ ನಡುಗುತ್ತೆ. ಆಗ ವಾಲ್ವ್ ಸೀಟ್ ಮೇಲೆ ಕೂರುವ ಬದಲು ಪುಟಿಯುತ್ತೆ. ಒಂದೆರಡು ಸಲ ಪುಟಿದರೆ ಪವರ್ ಹೋಗುತ್ತೆ. ಪುಟಿಯುತ್ತಲೇ ಇದ್ದರೆ ಕಾಟರ್ (ವಾಲ್ವ್ ಹಿಡಿದಿಡುವ ಸಣ್ಣ ತುಂಡು) ಕಳಚಿ ವಾಲ್ವ್ ಸಿಲಿಂಡರೊಳಗೆ ಬೀಳುತ್ತೆ, ಅಲ್ಲಿಗೆ ಎಂಜಿನ್ ಮುಗೀತು.

ಶಕ್ತಿ ಸುಮಾರು 635 ಅಶ್ವಶಕ್ತಿ. 7500ರಲ್ಲಿ ಅಷ್ಟು ಬರಬೇಕಾದರೆ ಆ ಹಂತದಲ್ಲೂ 600 ನ್ಯೂಟನ್ ಮೀಟರ್ ಟಾರ್ಕ್ ಉಳಿದಿರಬೇಕು. ಟರ್ಬೊ ಇಲ್ಲದ, ಎರಡೇ ವಾಲ್ವಿನ 5 ಲೀಟರ್ ಎಂಜಿನ್‌ಗೆ ಇದು ತುಂಬಾ ದೊಡ್ಡ ಸಂಖ್ಯೆ. ಈ ಎಂಜಿನ್‌ನ ಹಿರಿಮೆ ನೋಡುವವರು 635 ಬಿಟ್ಟು 600 ನೋಡಬೇಕು.

ಮಲ್ಲೇಶ್ವರ_ಓದುಗ

ಟಾರ್ಕ್‌ರೆಂಚ್ ಸರ್, ಒಂದು ಪ್ರಶ್ನೆ. ಮಿತಿ 7500ಕ್ಕೆ ಕಟ್ಟಿಹಾಕಿದ ಮೇಲೆ ತಂಡಗಳು ಲಕ್ಷಗಟ್ಟಲೆ ಡಾಲರ್ ಎಲ್ಲಿ ಸುರೀತಿದ್ದವು? ಮೇಲಕ್ಕೆ ಹೋಗೋಕೆ ಬಿಡಲ್ಲ ಅಂದರೆ ಎಲ್ಲರದ್ದೂ ಒಂದೇ ಆಗಬೇಕಲ್ವಾ?

ಟಾರ್ಕ್‌ರೆಂಚ್

ಕೆಳಗಡೆ ಸುರೀತಿದ್ರು. ತುದಿಯ ಪವರ್ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಆದಾಗ ಗೆಲ್ಲೋದು ತಿರುವಿನಿಂದ ಹೊರಬರುವಾಗಿನ 5000ದಿಂದ 6500ರ ಟಾರ್ಕ್. ಹೆಡ್ ಪೋರ್ಟಿನ ಆಕಾರ, ಇನ್‌ಟೇಕ್ ಟ್ರಂಪೆಟ್ (ಗಾಳಿ ಒಳಬರುವ ಕೊಳವೆ) ಉದ್ದ, ಎಕ್ಸಾಸ್ಟ್ ಪೈಪ್ ಉದ್ದ, ರಿಂಗ್ ದಪ್ಪ, ಆಯಿಲ್ ಪ್ಯಾನಿನೊಳಗಿನ ಗಾಳಿ ಎಳೆಯುವುದು, ಎಲ್ಲ ಕಡೆ ಒಂದೊಂದು ಕುದುರೆ ಹೆಕ್ಕುತ್ತಿದ್ದರು. ಅದಕ್ಕೇ ಸಂಘಟಕರು ಸಮ ಮಾಡುವಾಗ ತುದಿಯ ಸಂಖ್ಯೆ ಒಂದನ್ನೇ ನೋಡುತ್ತಿರಲಿಲ್ಲ. ರೆವ್ ಶ್ರೇಣಿ ಉದ್ದಕ್ಕೂ ಅಳೆದು ಕೂಡಿಸಿ ಹೋಲಿಸುತ್ತಿದ್ದರು.

ಸಿಲಿಂಡರ್8

ಇದಕ್ಕೆ ಎರಡು ಬ್ಲಾಕ್‌ಗಳ ಹುಟ್ಟುಗುಣ ಸೇರಿಸುತ್ತೇನೆ.

ಷೆವ್ರೊಲೆಯ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-8-4-3-6-5-7-2. ಎಡ ಸಾಲಿನಲ್ಲಿ 1, 3, 5, 7 ಇರುವುದರಿಂದ ಅಕ್ಕಪಕ್ಕದ 5 ಮತ್ತು 7 ಒಂದರ ಹಿಂದೆ ಒಂದು ಉರಿಯುತ್ತವೆ. ಆ ಮೂಲೆಗೆ ಶಾಖ ಸೇರುತ್ತೆ, 5 ಎಳೆದುಕೊಂಡ ಮೇಲೆ 7ಕ್ಕೆ ಗಾಳಿಯ ಪಾಲೂ ಏರುಪೇರಾಗುತ್ತೆ. ಸ್ಟಾಕ್ ಮಾದರಿಯ ಹೆಡ್‌ನಲ್ಲಿ ನಡುವಿನ ಎರಡು ಎಕ್ಸಾಸ್ಟ್ ಪೋರ್ಟ್ ಒತ್ತಿಕೊಂಡೇ ಇರುವುದರಿಂದ ಅಲ್ಲಿನ ಬಿಸಿ ಬೇರೆ. ವಿಂಡ್ಸರ್‌ನ ನಂತರದ ಆರ್ಡರ್ 1-3-7-2-6-5-4-8. ಅಲ್ಲಿ ಸಿಲಿಂಡರ್ ಎಣಿಕೆಯೇ ಬೇರೆ, ಬಲ ಸಾಲು 1ರಿಂದ 4, ಎಡ ಸಾಲು 5ರಿಂದ 8. ಅಕ್ಕಪಕ್ಕದಲ್ಲಿ ಬೆನ್ನಿಗೇ ಉರಿಯುವ ಜೋಡಿ 6-5. ಸೂಪರ್‌ಕಾರ್ಸ್ ಎಂಜಿನ್‌ನಲ್ಲಿ ಸಿಲಿಂಡರಿಗೊಂದರಂತೆ ಎಂಟು ಥ್ರಾಟಲ್ ಇದ್ದದ್ದು ಈ ಕದಿಯಾಟ ತಗ್ಗಿಸಿತು. ಉಳಿದದ್ದನ್ನು ಒಂದೊಂದು ಸಿಲಿಂಡರಿನ ಇಂಜೆಕ್ಷನ್, ಟೈಮಿಂಗ್ ಬೇರೆ ಬೇರೆ ತಿದ್ದಿ ಸರಿಪಡಿಸಬಹುದು.

ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಜಾಗ ಫೋರ್ಡ್‌ನಲ್ಲಿ ಮುಂದೆ, ಷೆವ್ರೊಲೆಯಲ್ಲಿ ಹಿಂದೆ. ಒಂದು ಹೆಡ್ ಬಿಗಿಯಲು ವಿಂಡ್ಸರ್‌ಗೆ 10 ಬೋಲ್ಟ್, ಷೆವ್ರೊಲೆ ಸ್ಮಾಲ್ ಬ್ಲಾಕ್‌ಗೆ 17. ಇನ್ನು ರಸ್ತೆ ಕಾರಿನ 302 ಬ್ಲಾಕ್ ತಂದು ರೇಸ್ ಎಂಜಿನ್ ಕಟ್ಟುತ್ತೇವೆ ಅನ್ನುವವರಿಗೆ ಒಂದು ಮಾತು: 500 ಅಶ್ವಶಕ್ತಿ ದಾಟಿದ ಮೇಲೆ ಮೇನ್ ಬೇರಿಂಗ್ ಗೋಡೆಯಿಂದ ಲಿಫ್ಟರ್ ಕಣಿವೆಯವರೆಗೆ ಸೀಳುವುದು ಆ ಬ್ಲಾಕಿನ ಹಳೇ ಕಾಯಿಲೆ. ರೇಸಿಗೆ ಅಂತಲೇ ದಪ್ಪ ಎರಕದ ಬ್ಲಾಕ್ ಬೇಕು.

ಬೆಳಗಾವಿ_ಬೋರ್

ಇಂಧನದ ವಿಷಯ ಯಾರೂ ಎತ್ತಿಲ್ಲ, ಅದಕ್ಕ ಬರೀತೀನ್ರಿ. 2009ರಿಂದ ಈ ಎಂಜಿನ್ ಇ85 (85% ಎಥನಾಲ್, ಉಳಿದದ್ದು ಪೆಟ್ರೋಲ್) ಮ್ಯಾಲೆ ಓಡಾಕ ಸುರು ಮಾಡ್ತು. ಆ ಎಥನಾಲ್ ಬರ್ತಿದ್ದದ್ದು ಕ್ವೀನ್ಸ್‌ಲ್ಯಾಂಡಿನ ಸರೀನಾದಿಂದ, ಕಬ್ಬಿನಿಂದ ಮಾಡಿದ್ದು. ನಮ್ಮ ಬೆಳಗಾವಿ, ಬಾಗಲಕೋಟಿ ಕಡೆ ಸಕ್ಕರಿ ಫ್ಯಾಕ್ಟರಿ ಬಾಜೂಕ ಡಿಸ್ಟಿಲರಿ ಇಟ್ಟು ಕಾಕಂಬಿಯಿಂದ ಇಳಸೂದೂ ಇದ ಎಥನಾಲ್. ಹಿಂಗಾಗಿ ನಮಗ ಇದು ದೂರದ ಸುದ್ದಿ ಅಲ್ಲ.

ಲೆಕ್ಕ ನೋಡ್ರಿ. ಪೆಟ್ರೋಲ್ ಒಂದು ಲೀಟರಿಗೆ ಸುಮಾರು 32 ಮೆಗಾಜೂಲ್, ಎಥನಾಲ್ ಒಂದು ಲೀಟರಿಗೆ 21. ಇ85ಕ್ಕ ಹೆಚ್ಚುಕಡಿಮಿ 22.7. ಪೆಟ್ರೋಲ್ ಪೂರ್ತಿ ಉರೀಲಿಕ್ಕೆ ಒಂದು ಕೆ.ಜಿ.ಗೆ 14.7 ಕೆ.ಜಿ. ಗಾಳಿ ಬೇಕು, ಇ85ಕ್ಕ 9.8 ಸಾಕು. ಅಂದ್ರ ಅದ ಗಾಳಿಗೆ ಇಂಧನ ಬಾಳ ಸುರೀಬೇಕು. ಇಂಜೆಕ್ಟರ್, ಪಂಪ್, ಫಿಲ್ಟರ್ ಎಲ್ಲಾ 40% ಹೆಚ್ಚಿನ ಹರಿವಿಗೆ ಲೆಕ್ಕ ಹಾಕಿ ಆರಿಸಬೇಕು. ಪೆಟ್ರೋಲಿನ ಇಂಜೆಕ್ಟರ್ ಇಟ್ಟು ನಕ್ಷೆ (ಎಷ್ಟು ಇಂಧನ ಹಾಕಬೇಕು ಅನ್ನೂ ಕಂಪ್ಯೂಟರ್ ಪಟ್ಟಿ) ಅಷ್ಟ ಬದಲಿ ಮಾಡಿದ್ರ ಮ್ಯಾಲಿನ ರೆವ್ಸ್‌ನಾಗ ಇಂಧನ ಸಾಲೂದಿಲ್ಲ, ಪಿಸ್ಟನ್ ತೂತು ಬೀಳ್ತದ.

ಇನ್ನೊಂದು ಕಡೆ ಮಂದಿ ಎಡವ್ತಾರ. ಅಗಲಶ್ರೇಣಿ ಆಮ್ಲಜನಕ ಮೀಟರ್ ಪೆಟ್ರೋಲ್ ಅಳತಿಗೆ ಹೊಂದಿಸಿದ್ದು ಇರ್ತದ. ಇ85 ಹಾಕಿದಾಗೂ ಅದು 14.7 ಅಂತನ ತೋರಸ್ತದ, ಖರೆ ಅಂದ್ರ ಒಳಗ 9.8 ಇರ್ತದ. ಅದಕ್ಕ ಆ ಸಂಖ್ಯೆ ನೋಡಬ್ಯಾಡ್ರಿ, ಲ್ಯಾಂಬ್ಡಾ (ಬೇಕಾದ ಗಾಳಿಗೆ ಖರೇ ಇರೂ ಗಾಳಿಯ ಅನುಪಾತ) ನೋಡ್ರಿ. ಯಾವ ಇಂಧನ ಆದ್ರೂ 1.00 ಅಂದ್ರ 1.00.

ಮಲ್ಲೇಶ್ವರ_ಓದುಗ

ಇದೇ ಲೆಕ್ಕದಲ್ಲಿ ನಮ್ಮ ಇ20ಗೆ ಲೀಟರಿಗೆ ಸುಮಾರು 7% ಶಕ್ತಿ ಕಡಿಮೆ ಬರುತ್ತೆ ಅಲ್ವಾ? ಇಲ್ಲಿ ಎಲ್ಲರೂ ಮೈಲೇಜ್ ಅರ್ಧ ಆಯ್ತು ಅಂತಾರೆ.

ಬೆಳಗಾವಿ_ಬೋರ್

ಹೌದ್ರಿ, ಶಕ್ತಿ ಲೆಕ್ಕದಾಗ 7% ಸರಿ. ಅದಕ್ಕಿಂತ ಬಾಳ ಕಡಿಮಿ ಆಗಿದ್ರ ಗಾಡಿಯೊಳಗ ಬ್ಯಾರೆ ಏನೋ ಕೆಟ್ಟದ, ಸೆನ್ಸರ್, ಫಿಲ್ಟರ್, ಪ್ಲಗ್ ನೋಡ್ರಿ. ಹಳೇ ಗಾಡಿಗೆ ಖರೆ ತ್ರಾಸು ಅಂದ್ರ ರಬ್ಬರ್ ಪೈಪು, ಓ-ರಿಂಗು.

ಪರ್ತ್_ಕನ್ನಡತಿ

ಇ85 ಬಗ್ಗೆ ನನ್ನದೊಂದು ಅಭಿಪ್ರಾಯ. ಎಥನಾಲ್ ನಾಕ್ (ಇಂಧನ ಹತೋಟಿ ತಪ್ಪಿ ತಾನೇ ಸಿಡಿಯುವುದು) ತಡೆಯುವ ಇಂಧನ, ಆವಿಯಾಗುವಾಗ ಬರುವ ಗಾಳಿಯನ್ನೂ ತಂಪು ಮಾಡುತ್ತದೆ. ಅದನ್ನು ಹಾಕಿಕೊಂಡು ಕಂಪ್ರೆಷನ್ 10:1ಕ್ಕೆ ನಿಲ್ಲಿಸಿದರೆ ಇಂಧನದ ಗುಣ ಅರ್ಧಕ್ಕರ್ಧ ಬಳಕೆಯಾಗದೆ ಉಳಿಯುತ್ತದೆ. 13:1 ಬಿಟ್ಟಿದ್ದರೆ ಅದೇ ಇಂಧನದಲ್ಲಿ ಇನ್ನೂ ಹೆಚ್ಚು ಕೆಲಸ ತೆಗೆಯಬಹುದಿತ್ತು. ದಕ್ಷತೆಯ ದೃಷ್ಟಿಯಿಂದ ಇದು ತಪ್ಪಿಸಿಕೊಂಡ ಅವಕಾಶ ಅನ್ನುತ್ತೇನೆ.

ಟಾರ್ಕ್‌ರೆಂಚ್

ಮೇಡಂ, ದಕ್ಷತೆಯ ಮಾತು ಒಪ್ಪುತ್ತೇನೆ, ಆದರೆ ಆ ಉಳಿಕೆಯೇ ಎಂಜಿನ್‌ನ ಆಯುಸ್ಸು. 10:1ರಲ್ಲಿ ಇ85 ಹಾಕಿದರೆ ಟೈಮಿಂಗ್ (ಕಿಡಿ ಹಾರಿಸುವ ಗಳಿಗೆ) ಅನ್ನು ಟಾರ್ಕ್ ಅತಿ ಹೆಚ್ಚು ಬರುವ ಜಾಗಕ್ಕೇ ಇಡಬಹುದು, ನಾಕ್ ಹೆದರಿಕೆಗೆ ಹಿಂದೆ ಸರಿಸಬೇಕಿಲ್ಲ. ಬೇಸಗೆಯ 35-40 ಡಿಗ್ರಿ ಬಿಸಿಲಲ್ಲಿ ಮುಂದಿನ ಕಾರಿನ ಬಿಸಿಗಾಳಿ ಕುಡಿದುಕೊಂಡು ಹತ್ತಾರು ಲ್ಯಾಪ್ ಓಡುವಾಗ ರಿಂಗ್ ಅಂಚು, ಬೇರಿಂಗ್ ಉಳಿದದ್ದು ಅದರಿಂದಲೇ. ತುದಿಯಲ್ಲಿರುವ ತಂಡಕ್ಕೆ ಇದು ಸಪ್ಪೆ ಅನ್ನಿಸಬಹುದು. ಹಿಂದಿನ ಸಾಲಿನ ತಂಡ ಇದರಿಂದಲೇ ವರ್ಷಪೂರ್ತಿ ಓಡಿತು.

ಸಿಲಿಂಡರ್8

ಇನ್ನು ಇಳಿಸಿದ್ದು ಯಾಕೆ ಅನ್ನುವುದಕ್ಕೆ ಬರೋಣ. ಎಂಜಿನ್ ದುರ್ಬಲವಾಗಿ ಹೋದದ್ದಲ್ಲ, ಅದರ ತವರು ಮುಚ್ಚಿತು. ರಸ್ತೆ ಕಾರಿನಲ್ಲಿ ಹೋಲ್ಡನ್ 5.0 1999ರಲ್ಲೇ ನಿಂತು 5.7 ಎಲ್‌ಎಸ್1ಗೆ ಜಾಗ ಬಿಟ್ಟಿತ್ತು. ಫಾಲ್ಕನ್‌ನಲ್ಲಿ ವಿಂಡ್ಸರ್ 2002ಕ್ಕೆ ಮುಗಿಯಿತು. ಅಲ್ಲಿಂದ 20 ವರ್ಷ ರೇಸ್ ಎಂಜಿನ್‌ಗೂ ಷೋರೂಮಿಗೂ ಸಂಬಂಧ ಇರಲಿಲ್ಲ. ಬಿಡಿಭಾಗ ಎಲ್ಲ ಕೈಯಲ್ಲಿ ಮಾಡಿಸಿದ್ದು, ಸಣ್ಣ ಸಂಖ್ಯೆಯಲ್ಲಿ, ದುಬಾರಿ ಬೆಲೆಗೆ. 2016ರ ಅಕ್ಟೋಬರ್‌ನಲ್ಲಿ ಫೋರ್ಡ್, 2017ರ ಅಕ್ಟೋಬರ್‌ನಲ್ಲಿ ಹೋಲ್ಡನ್ ಆಸ್ಟ್ರೇಲಿಯಾದಲ್ಲಿ ಕಾರು ತಯಾರಿಕೆ ನಿಲ್ಲಿಸಿದವು. 2020ರ ಫೆಬ್ರವರಿಯಲ್ಲಿ ಜನರಲ್ ಮೋಟಾರ್ಸ್ ಹೋಲ್ಡನ್ ಹೆಸರನ್ನೇ ಅಳಿಸುವುದಾಗಿ ಹೇಳಿತು. ಆಮೇಲೆ ಹಳೆ ನಿಯಮ ಹಿಡಿದು ಕೂರುವುದರಲ್ಲಿ ಅರ್ಥವಿರಲಿಲ್ಲ.

ನಡುವೆ ಬೇರೆಯವರನ್ನು ಒಳಗೆ ತರುವ ಪ್ರಯತ್ನವೂ ಆಯಿತು. 2013ರಲ್ಲಿ ನಿಸ್ಸಾನ್ ತನ್ನ 5.6 ಲೀಟರ್ ವಿಕೆ56 ಅನ್ನು, ಮರ್ಸಿಡಿಸ್ ಎಎಂಜಿ ತನ್ನ 6.2 ಅನ್ನು 5.0ಗೆ ಇಳಿಸಿ ತಂದವು. 2014ರಲ್ಲಿ ಬಂದ ವೋಲ್ವೊ 4.4 ಲೀಟರ್‌ನ 60 ಡಿಗ್ರಿ ವಿ8 ಅನ್ನು 5.0ಗೆ ಏರಿಸಿತು. ಮೂರೂ ತಲೆಯ ಮೇಲೆ ನಾಲ್ಕು ಕ್ಯಾಮ್ ಇರುವ ಎಂಜಿನ್. 7500ರ ಮಿತಿ ಇದ್ದಾಗ ನಾಲ್ಕು ವಾಲ್ವಿನ ನಿಜವಾದ ಲಾಭ, ಅಂದರೆ ಇನ್ನೂ ಮೇಲಕ್ಕೆ ಉಸಿರಾಡುವುದು, ಕೈಗೆ ಸಿಗುವುದೇ ಇಲ್ಲ. ನಿಸ್ಸಾನ್ ಮೊದಲ ವರ್ಷ ನೇರ ರಸ್ತೆಯ ವೇಗಕ್ಕೂ ಇಂಧನ ಬಳಕೆಗೂ ಒದ್ದಾಡಿತು. ಪುಶ್‌ರಾಡ್‌ಗಳು 20 ವರ್ಷ ಅದೇ ಡಬ್ಬಿಯೊಳಗೆ ಪಳಗಿದ್ದವು. 2015ರ ಕೊನೆಗೆ ಮರ್ಸಿಡಿಸ್, 2016ಕ್ಕೆ ವೋಲ್ವೊ, 2019ಕ್ಕೆ ನಿಸ್ಸಾನ್ ಹೊರಟವು. ಟ್ರಿಪಲ್ ಎಯ್ಟ್ ತಂಡ ಪರೀಕ್ಷಿಸಿದ 3.6 ಲೀಟರ್ ಜೋಡಿ ಟರ್ಬೊ ವಿ6 ಚಾಂಪಿಯನ್‌ಷಿಪ್ ಓಟಕ್ಕೆ ಇಳಿಯಲೇ ಇಲ್ಲ.

ಮಲ್ಲೇಶ್ವರ_ಓದುಗ

ಹಾಗಾದರೆ ಈಗಿನ 5.7, 5.4 ಯಾವ ವಿಷಯದಲ್ಲಿ ಉತ್ತಮ?

ಸಿಲಿಂಡರ್8

ದೊಡ್ಡ ಸಿಸಿ, ಕಡಿಮೆ ಒತ್ತಡ. ಶಕ್ತಿ ಸುಮಾರು 600 ಅಶ್ವಶಕ್ತಿಗೆ ಇಳಿಯಿತು. ಲೀಟರಿಗೆ ಲೆಕ್ಕ ಹಾಕಿದರೆ ಹಳೆಯದು 127, ಷೆವ್ರೊಲೆ 5.7 ಈಗ 105, ಫೋರ್ಡ್ 5.4 ಈಗ 111. ಒತ್ತಡ ಇಳಿದಷ್ಟೂ ರಿಪೇರಿ ಅಂತರ ಹಿಗ್ಗುತ್ತದೆ. ಮೂಲ ಭಾಗಗಳು ಈಗಲೂ ಕಾರ್ಖಾನೆಯಲ್ಲಿ ತಯಾರಾಗುವ ವಂಶದವು. ಆದರೆ ಕ್ಯಾಮರೊದ್ದು ಪುಶ್‌ರಾಡ್, ಮಸ್ಟಾಂಗ್‌ನದು ನಾಲ್ಕು ಕ್ಯಾಮ್, ಸಿಸಿಯೂ ಬೇರೆ. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಸ್ಥಿರ ವೇಗದಲ್ಲಿ ಒಂದೇ ಗೆರೆ ಬಂದರೂ ಗೇರ್ ಬದಲಿಸಿದ ತಕ್ಷಣ, ಥ್ರಾಟಲ್ ತೆರೆದ ಆ ಅರೆಕ್ಷಣ, ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. 2023 ಪೂರ್ತಿ ನಡೆದ ವಾದದಲ್ಲಿ ದೊಡ್ಡ ಪಾಲು ವಾಯುಬಲದ್ದು, ಉಳಿದದ್ದು ಇದರದ್ದು. 2026ಕ್ಕೆ ಟೊಯೋಟ ಸುಪ್ರಾ 2ಯುಆರ್ ಮೂಲದ ವಿ8 ಹಿಡಿದು ಬಂದರೆ ಸಮ ಮಾಡಬೇಕಾದವು ಮೂರು.

ಪರ್ತ್_ಕನ್ನಡತಿ

ಹಳೆ ಎಂಜಿನ್‌ಗಳು ಪೂರ್ತಿ ಮೂಲೆ ಸೇರಿಲ್ಲ. ಎರಡನೇ ಹಂತದ ಸೂಪರ್2 ಸರಣಿಗೆ 2023ರಿಂದ ಹಿಂದಿನ ತಲೆಮಾರಿನ ಕಾಮೊಡೋರ್, ಮಸ್ಟಾಂಗ್‌ಗಳೇ ಬಂದವು, ಇವೇ 5.0 ಎಂಜಿನ್ ಜೊತೆ. ಇನ್ನೂ ಹಳೆಯ ಕಾರುಗಳು ಹವ್ಯಾಸಿಗಳ ಕೈ ಸೇರುತ್ತಿವೆ. ಟಾರ್ಕ್‌ರೆಂಚ್ ಸರ್, ಅಂಥದ್ದನ್ನು ಕೊಳ್ಳುವವರು ಎಂಜಿನ್‌ನಲ್ಲಿ ಏನು ನೋಡಬೇಕು ಅಂತ ಬಿಡಿಸಿ ಬರೆಯುತ್ತೀರಾ?

ಟಾರ್ಕ್‌ರೆಂಚ್

ಎಲ್ಲಕ್ಕಿಂತ ಮೊದಲು ಕಾಗದ. ಹಿಂದಿನ ರಿಪೇರಿ ಆದ ಮೇಲೆ ಎಷ್ಟು ಕಿ.ಮೀ., ಸ್ಪ್ರಿಂಗ್ ಯಾವಾಗ ಬದಲಾಯಿತು, ರಾಡ್ ಬೋಲ್ಟ್ ಯಾವಾಗ ಅಂತ ದಾಖಲೆ ಇಲ್ಲದ ಎಂಜಿನ್ ಅನ್ನು ಬಿಚ್ಚಬೇಕಾದ ಎಂಜಿನ್ ಅಂತಲೇ ಹಿಡಿದು ಬೆಲೆ ಕಟ್ಟಿ.

ಆಮೇಲೆ ಲೀಕ್‌ಡೌನ್, ಅಂದರೆ ಸಿಲಿಂಡರಿಗೆ ಗಾಳಿ ಕೊಟ್ಟು ಎಷ್ಟು ಸೋರುತ್ತೆ ಅಂತ ಅಳೆಯುವ ಪರೀಕ್ಷೆ. ಎಂಜಿನ್ ಬೆಚ್ಚಗಿರಬೇಕು, ಸಿಲಿಂಡರ್ ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಯಲ್ಲಿರಬೇಕು, ಕ್ರ್ಯಾಂಕ್ ಹಿಂದಕ್ಕೆ ತಿರುಗದಂತೆ ಯಾರಾದರೂ ಹಿಡಿದಿರಬೇಕು. 100 ಪಿಎಸ್‌ಐ ಗಾಳಿ ಕೊಡಿ. 5ರಿಂದ 8% ಸೋರಿದರೆ ಆರೋಗ್ಯವಾಗಿದೆ, 15% ದಾಟಿದರೆ ಹೆಡ್ ಬಿಚ್ಚಲೇಬೇಕು. ಸದ್ದು ಎಲ್ಲಿಂದ ಬರುತ್ತೆ ಕೇಳಿ: ಟ್ರಂಪೆಟ್‌ನಲ್ಲಿ ಬಂದರೆ ಇನ್‌ಟೇಕ್ ವಾಲ್ವ್, ಎಕ್ಸಾಸ್ಟ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಟ್ಯಾಂಕಿನ ಉಸಿರು ಪೈಪ್‌ನಲ್ಲಿ ಬಂದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಇಲ್ಲವೇ ಬಿರುಕು. ಒಟ್ಟು ಸಂಖ್ಯೆಗಿಂತ ಎಂಟು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತೆ. ಏಳು 6% ತೋರಿಸಿ ಒಂದು 12% ತೋರಿಸಿದರೆ ಆ ಒಂದನ್ನು ಅನುಮಾನಿಸಿ.

ಆಯಿಲ್ ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಸೂಜಿಯಂಥ ಚೂರು ಸಿಕ್ಕರೆ ಲಿಫ್ಟರಿನ ರೋಲರ್ ಸವೆದು ಕ್ಯಾಮ್ ತಿನ್ನುತ್ತಿದೆ ಅಂತ ಅರ್ಥ. ಅಂಟದ ಬೂದು ಹೊಳಪಿನ ಪುಡಿ ಬೇರಿಂಗಿನದು.

ವಾಲ್ವ್ ಸ್ಪ್ರಿಂಗಿನ ಒತ್ತಡ ಹೆಡ್ ಬಿಚ್ಚದೆಯೇ ಅಳೆಯುವ ಸಾಧನ ಸಿಗುತ್ತೆ. ಹೊಸದಾಗಿ ಹಾಕಿದಾಗಿನ ಸಂಖ್ಯೆಗಿಂತ 10% ಇಳಿದಿದ್ದರೆ 16ನ್ನೂ ಬದಲಿಸಿ, ಒಂದೆರಡು ಬದಲಿಸಿ ಬಿಡಬೇಡಿ. ಟ್ಯಾಪೆಟ್ ಕ್ಲಿಯರೆನ್ಸ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ಬರೆದಿಟ್ಟುಕೊಳ್ಳಿ. ಹಿಂದಿನ ಸಲಕ್ಕಿಂತ ದಿಢೀರ್ ಹೆಚ್ಚಾಗಿದ್ದರೆ ರಾಕರ್, ಪುಶ್‌ರಾಡ್ ತುದಿ ಅಥವಾ ಲಿಫ್ಟರ್ ಸವೆದಿದೆ. ಕಡಿಮೆಯಾಗಿದ್ದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ. ಪುಶ್‌ರಾಡ್ ತೆಗೆದು ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಕುಣಿಯುತ್ತೆ.

ಸ್ಟಾರ್ಟ್ ಮಾಡುವ ಕ್ರಮದಲ್ಲೂ ತಪ್ಪಾಗುತ್ತೆ. ಡ್ರೈ ಸಂಪ್ (ಆಯಿಲ್ ಬೇರೆ ಟ್ಯಾಂಕಿನಲ್ಲಿರುವ) ಎಂಜಿನ್ ಕೆಲವು ವಾರ ನಿಂತರೆ ಬೇರಿಂಗಿನ ಆಯಿಲ್ ಇಳಿದುಹೋಗಿರುತ್ತೆ. ಪ್ಲಗ್ ಎಂಟೂ ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಕಟ್ ಮಾಡಿ, ಗೇಜ್ ಒತ್ತಡ ತೋರಿಸುವವರೆಗೆ ಸ್ಟಾರ್ಟರ್‌ನಲ್ಲಿ ತಿರುಗಿಸಿ. ಒಂದೇ ಸಮ ಒತ್ತಬೇಡಿ, ಹತ್ತು ಸೆಕೆಂಡ್ ತಿರುಗಿಸಿ ಸ್ಟಾರ್ಟರ್ ಆರಲು ಬಿಡಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಆಯಿಲ್ 70 ಡಿಗ್ರಿ ಆಗುವವರೆಗೆ ಲೋಡ್ ಕೊಡಬೇಡಿ.

ಬೆಳಗಾವಿ_ಬೋರ್

ಇ85 ಗಾಡಿ ಆದ್ರ ಇದರ ಜೋಡಿ ಇನ್ನೂ ನಾಕು ಕೆಲಸ ಅದಾವ. ಎಥನಾಲ್ ಗಾಳ್ಯಾಗಿನ ನೀರು ಎಳಕೋತದ. ಟ್ಯಾಂಕಿನ್ಯಾಗ ವಾರಗಟ್ಟಲೆ ಬಿಟ್ರ ಪಂಪು, ಅಲ್ಯೂಮಿನಿಯಂ ರೇಲು ಒಳಗ ಬಿಳೀ ಪುಡಿ ಕಟ್ಟತದ, ಆ ಪುಡಿ ಇಂಜೆಕ್ಟರ್ ಬಾಯಿ ಮುಚ್ಚತದ. ನಿಲ್ಲಸೂಮುಂದ ಟ್ಯಾಂಕ್ ಖಾಲಿ ಮಾಡ್ರಿ, ಐದು ಲೀಟರ್ ಎಥನಾಲ್ ಇಲ್ಲದ ಪೆಟ್ರೋಲ್ ಹಾಕ್ರಿ, ಪೆಟ್ರೋಲಿನ ನಕ್ಷೆ ಏರಿಸಿ ಹತ್ತು ನಿಮಿಷ ಐಡಲ್‌ನಾಗ ಓಡಸ್ರಿ. ಲೋಡ್ ಮಾತ್ರ ಕೊಡಬ್ಯಾಡ್ರಿ.

ಆಯಿಲ್‌ದೂ ಹಂಗ. ಎಥನಾಲ್ ಕುದಿಯೂದು 78 ಡಿಗ್ರಿಗೆ. ಸಣ್ಣ ಸಣ್ಣ ಓಟ ಓಡಿಸಿ, ಆಯಿಲ್ ಅದಕ್ಕಿಂತ ತಣ್ಣಗ ಇರೂಮುಂದನ ಬಂದ್ ಮಾಡಿದ್ರ, ಕೆಳಗ ಇಳಿದ ಇಂಧನ ಹೊರಗ ಹೋಗೂದಿಲ್ಲ. ಆಯಿಲ್ ಟ್ಯಾಂಕಿನ ಮುಚ್ಚಳ ತಗದಾಗ ಮಜ್ಜಿಗಿ ಹಂಗ ಬಿಳೀ ನೊರಿ ಕಂಡ್ರ ಅದ ಕಾರಣ. ವಾಸನಿ ನೋಡ್ರಿ, ಬೆರಳಿಗೆ ತೆಳ್ಳಗ ಅನಿಸಿದ್ರ ಬದಲಿ ಮಾಡ್ರಿ.

ಮಲ್ಲೇಶ್ವರ_ಓದುಗ

ಆರು ತಿಂಗಳು ಓಡಿಸದೇ ಇಡಬೇಕು ಅಂದರೆ? ಅಷ್ಟೇ ಸಾಕಾ?

ಟಾರ್ಕ್‌ರೆಂಚ್

ಸಾಲದು. ನಿಲ್ಲಿಸುವ ಮೊದಲು ಹೊಸ ಆಯಿಲ್ ಹಾಕಿ ಒಮ್ಮೆ ಪೂರ್ತಿ ಬಿಸಿ ಮಾಡಿ, ಹಳೆಯದರಲ್ಲಿ ಆಮ್ಲ ಕೂತಿರುತ್ತೆ. ಪ್ಲಗ್ ತೂತಿನಲ್ಲಿ ಒಂದೊಂದು ಸಿಲಿಂಡರಿಗೆ ಒಂದು ಚಮಚದಷ್ಟು ತುಕ್ಕು ತಡೆಯುವ ಎಣ್ಣೆ ಬಿಟ್ಟು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಟ್ರಂಪೆಟ್ ಮತ್ತು ಎಕ್ಸಾಸ್ಟ್ ಬಾಯಿ ಬಟ್ಟೆಯಿಂದ ಮುಚ್ಚಿ, ಮುಚ್ಚಿದ್ದೀರಿ ಅಂತ ಸ್ಟೀರಿಂಗ್ ಮೇಲೆ ಚೀಟಿ ಅಂಟಿಸಿ. ನಿಂತ ಎಂಜಿನ್‌ನಲ್ಲಿ ಕೆಲವು ವಾಲ್ವ್ ತೆರೆದೇ ಉಳಿಯುತ್ತವೆ, ಅವುಗಳ ಸ್ಪ್ರಿಂಗ್ ಆರು ತಿಂಗಳೂ ಅದುಮಿಕೊಂಡೇ ಇರುತ್ತೆ. ಅದಕ್ಕೆ ರಾಕರ್‌ಗಳನ್ನು ಸಡಿಲಿಸಿ ಇಡಿ. ಸಡಿಲಿಸುವಾಗ ಪುಶ್‌ರಾಡ್ ಯಾವುದು ಎಲ್ಲಿಯದು, ಯಾವ ತುದಿ ಮೇಲೆ ಅಂತ ಗುರುತು ಹಾಕಿ. ಮತ್ತೆ ಬಿಗಿದ ಮೇಲೆ 16 ಕ್ಲಿಯರೆನ್ಸೂ ಹೊಸದಾಗಿ ಹಿಡಿಯದೆ ಸ್ಟಾರ್ಟರ್ ಒತ್ತಬೇಡಿ.